ಕನ್ನಡದ ಆಕರ, ಇಂಗ್ಲಿಷಿನ ಗ್ರಂಥ: ಸಮಕಾಲೀನ ಕರ್ನಾಟಕವನ್ನು ಕುರಿತ ವಿದ್ವತ್ ಪ್ರಕಟಣೆಯ ಒಂದು ಪರಿಶೀಲನೆ

1

ಸ್ವಾತಂತ್ರ್ಯೋತ್ತರ ಕಾಲದಲ್ಲಿ ಕರ್ನಾಟಕದ ರಾಜಕಾರಣ ಮತ್ತು ಸಮಾಜವನ್ನು ಕುರಿತು ಪ್ರಕಟವಾದ ವಿದ್ವತ್ ಗ್ರಂಥಗಳ ಸಂಖ್ಯೆ ಕಡಿಮೆಯೇನಲ್ಲ. ಹಳ್ಳಿಗಳ ಅಧ್ಯಯನ, ಜಾತಿ ಸಂಬಂಧಗಳ ವಿಶ್ಲೇಷಣೆ, ಸಂಸ್ಥಾನ ಕಾಲದ ಆಡಳಿತ, ಭೂಸುಧಾರಣೆ, ಹಿಂದುಳಿದ ವರ್ಗಗಳ ರಾಜಕಾರಣ, ರೈತ ಚಳವಳಿ, ಬೆಂಗಳೂರಿನ ಬೆಳವಣಿಗೆ ಮೊದಲಾದ ವಿಷಯಗಳಲ್ಲಿ ದೇಶವಿದೇಶಗಳ ವಿದ್ವಾಂಸರು ದುಡಿದಿದ್ದಾರೆ. ಭಾರತದ ಸಮಾಜಶಾಸ್ತ್ರಕ್ಕೆ ಮುಖ್ಯವಾದ ಕೆಲವು ಪರಿಕಲ್ಪನೆಗಳು ಈ ನೆಲದ ಅಧ್ಯಯನದಿಂದಲೇ ರೂಪುಗೊಂಡವು. ಆದರೆ ಈ ಗ್ರಂಥಗಳನ್ನು ಒಟ್ಟಾಗಿರಿಸಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಇವುಗಳ ಆಕರ ಬಹುಮಟ್ಟಿಗೆ ಕನ್ನಡದ ಮಾತು. ರೈತರ, ಪಟೇಲ ಶಾನುಭೋಗರ, ಪಂಚಾಯಿತಿ ಸದಸ್ಯರ, ಚಳವಳಿಯ ಕಾರ್ಯಕರ್ತರ, ಶಾಸಕರ ಮಾತುಗಳಿಂದಲೇ ಇವು ಕಟ್ಟಲ್ಪಟ್ಟಿವೆ. ಆದರೂ ಇವು ಬರೆಯಲ್ಪಟ್ಟದ್ದು ಇಂಗ್ಲಿಷಿನಲ್ಲಿ. ಅಚ್ಚಾದದ್ದು ಆಕ್ಸ್‌ಫರ್ಡ್, ಮ್ಯಾಂಚೆಸ್ಟರ್, ಷಿಕಾಗೊ, ದೆಹಲಿಗಳಲ್ಲಿ. ಓದಲ್ಪಡುತ್ತಿರುವುದು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ.

ಈ ಸ್ಥಿತಿಯನ್ನು ಭಾಷಾಭಿಮಾನದ ನೆಲೆಯಿಂದ ಖಂಡಿಸುವುದು ಸುಲಭ. ಇಂಗ್ಲಿಷಿನಲ್ಲಿ ಬರೆದುದರಿಂದಲೇ ಕರ್ನಾಟಕದ ಅನುಭವವನ್ನು ಬೇರೆ ಪ್ರದೇಶಗಳ ಅನುಭವದೊಡನೆ ಹೋಲಿಸುವುದು ಸಾಧ್ಯವಾಯಿತೆಂಬುದನ್ನು ಅಂಥ ಖಂಡನೆ ಮರೆಯುತ್ತದೆ. ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ ಬೇರೆಯದು. ಸಮಕಾಲೀನ ಸಮಾಜವನ್ನು ಕುರಿತ ಗ್ರಂಥ ಶಾಸನಗಳ ಅಧ್ಯಯನದಂಥದಲ್ಲ. ಅದು ಯಾರನ್ನು ಕುರಿತದ್ದೋ ಅವರು ಬದುಕಿದ್ದಾರೆ. ತಮ್ಮ ವಿಷಯದಲ್ಲಿ ಹೇಳಿದ್ದು ಸರಿಯೇ ತಪ್ಪೇ ಎಂದು ಹೇಳಬಲ್ಲ ಸ್ಥಿತಿಯಲ್ಲಿದ್ದಾರೆ. ಅವರ ಕೈಗೆ ಪುಸ್ತಕ ಎಟುಕದಿದ್ದಾಗ ಅವರಿಗೊಂದು ಓದು ತಪ್ಪುತ್ತದೆ, ನಿಜ. ಅದರೊಡನೆ ಗ್ರಂಥಕ್ಕೂ ಒಂದು ಪರೀಕ್ಷೆ ತಪ್ಪಿಹೋಗುತ್ತದೆ. ಕರ್ನಾಟಕವನ್ನು ಕುರಿತ ವಿದ್ವತ್ ಪ್ರಕಟಣೆಯ ಮುಖ್ಯ ಕೊರತೆ ಈ ಪರೀಕ್ಷೆಯ ಅಭಾವವೇ ಎಂಬುದನ್ನು ಮುಂದಿನ ಪರಿಶೀಲನೆ ತೋರಿಸುತ್ತದೆ. ಈ ಕೊರತೆಗೆ ಇಂಗ್ಲಿಷಿನ ಪ್ರಕಾಶನ ಎಷ್ಟು ಕಾರಣವೋ ಕನ್ನಡದ ಪ್ರಕಾಶನವೂ ಅಷ್ಟೇ ಕಾರಣವಾಗಿದೆ.

2

ಈ ಪರಂಪರೆಯ ಆರಂಭವನ್ನು ಎಂ.ಎನ್. ಶ್ರೀನಿವಾಸ್ ಅವರ ಬರೆವಣಿಗೆಯಲ್ಲಿ ಗುರುತಿಸಬಹುದು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಕ್ಷೇತ್ರಕಾರ್ಯ ಕೈಗೊಂಡರು. ಆ ಹಳ್ಳಿ ಅವರ ಬರೆಹಗಳಲ್ಲಿ ‘ರಾಮಪುರ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅವರ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು 1970ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಆಮೇಲೆ ಬಹುಮಟ್ಟಿಗೆ ನೆನಪನ್ನೇ ಅವಲಂಬಿಸಿ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದಿತು.

ಇದೇ ಅವಧಿಯಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಮಂಡ್ಯದ ಸಮೀಪದ ಎರಡು ಹಳ್ಳಿಗಳನ್ನು ಹೋಲಿಸಿ ಅಧ್ಯಯನ ಮಾಡಿದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಪ್ರಕಾಶನ 1962ರಲ್ಲಿ ಪ್ರಕಟಿಸಿದ ಅವರ ಗ್ರಂಥದಲ್ಲಿ ಆ ಹಳ್ಳಿಗಳಿಗೆ ‘ವಂಗಲ’ ಮತ್ತು ‘ದಾಲೇನ’ ಎಂಬ ಕಲ್ಪಿತ ಹೆಸರುಗಳಿವೆ. ಅಲನ್ ಬೀಲ್ಸ್ ಅವರ ‘ಗೋಪಾಲಪುರ’ವೂ ಅದೇ ವರ್ಷ ಬಂದಿತು. ಕೆ. ಈಶ್ವರನ್ ಅವರ ‘ಶಿವಾಪುರ’ 1968ರಲ್ಲಿ ಪ್ರಕಟವಾಯಿತು. ಹಳ್ಳಿಯ ನಿಜವಾದ ಹೆಸರನ್ನು ಮರೆಮಾಡುವುದು ಆ ಕಾಲದ ಮಾನವಶಾಸ್ತ್ರದ ರೂಢಿ. ಮಾಹಿತಿ ಕೊಟ್ಟವರಿಗೆ ತೊಂದರೆಯಾಗಬಾರದೆಂಬ ಕಾಳಜಿ ಅದರ ಹಿಂದಿತ್ತು. ಆದರೆ ಈ ರೂಢಿಗೆ ಇನ್ನೊಂದು ಪರಿಣಾಮವೂ ಇತ್ತು. ಹೆಸರು ಬದಲಾದ ಹಳ್ಳಿಯ ಗ್ರಂಥ ಪರಭಾಷೆಯಲ್ಲಿ ಪ್ರಕಟವಾದಾಗ, ಅದು ತಮ್ಮ ಊರಿನ ವೃತ್ತಾಂತವೆಂದು ಗುರುತಿಸುವ ಅವಕಾಶವೇ ಆ ಊರಿನ ಮುಂದಿನ ತಲೆಮಾರಿಗೆ ಕಿರಿದಾಯಿತು.

ಎಪ್‌ಸ್ಟೀನ್ ಅವರ ಗ್ರಂಥವನ್ನು ಈ ದೃಷ್ಟಿಯಿಂದ ವಿಶೇಷವಾಗಿ ಗಮನಿಸಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ವಂಗಲದಲ್ಲಿ ಕಬ್ಬಿನ ಬೇಸಾಯ ಹಬ್ಬಿತು, ಆದಾಯ ಹೆಚ್ಚಿತು. ಆದರೆ ಕೃಷಿಯನ್ನೇ ನೆಚ್ಚಿದ ಆ ಊರಿನ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಹಿಂದಿನಂತೆಯೇ ಉಳಿದವು. ನೀರು ದೊರೆಯದ ದಾಲೇನದ ಜನ ಸುತ್ತಲಿನ ನೀರಾವರಿ ಪ್ರದೇಶದ ಏಳಿಗೆಯಲ್ಲಿ ಪಾಲು ಪಡೆಯಲು ವ್ಯಾಪಾರ, ನೌಕರಿ, ಪಟ್ಟಣದ ಸಂಪರ್ಕಗಳತ್ತ ತಿರುಗಿದರು. ಅಲ್ಲಿ ಹಳೆಯ ಸಂಬಂಧಗಳು ಸಡಿಲಗೊಂಡವು. ಆರ್ಥಿಕ ಬೆಳವಣಿಗೆಯಿಂದ ಸಾಮಾಜಿಕ ಬದಲಾವಣೆ ತಾನಾಗಿಯೇ ಬರುತ್ತದೆಂಬ ನಂಬಿಕೆಯನ್ನು ಈ ಹೋಲಿಕೆ ಪ್ರಶ್ನಿಸುತ್ತದೆ. 1973ರಲ್ಲಿ ಪ್ರಕಟವಾದ ಮರುಅಧ್ಯಯನವೂ, ಸಹಲೇಖಕರೊಡನೆ 1998ರಲ್ಲಿ ತಂದ ಇನ್ನೊಂದು ಗ್ರಂಥವೂ ಸೇರಿ ನಾಲ್ಕು ದಶಕಗಳ ವ್ಯಾಪ್ತಿ ಈ ಕೆಲಸಕ್ಕೆ ಒದಗಿತು. ಕಾವೇರಿ ನೀರು, ಕಬ್ಬಿನ ಬೆಲೆ, ಸಕ್ಕರೆ ಕಾರ್ಖಾನೆ ಇವುಗಳ ಸುತ್ತ ಮಂಡ್ಯ ಜಿಲ್ಲೆಯಲ್ಲಿ ನಡೆದ ಚರ್ಚೆಗಳು ಅಸಂಖ್ಯ. ನೀರು ಬಂದ ಊರಿನಲ್ಲಿ ಭೂಹೀನರಿಗೆ ಏನಾಯಿತು, ನೀರು ಬಾರದ ಊರು ಹೇಗೆ ಬದುಕಿತು ಎಂಬ ಪ್ರಶ್ನೆಗಳಿಗೆ ದಶಕಗಳ ದಾಖಲೆಯಿದ್ದರೂ ಆ ದಾಖಲೆ ಕನ್ನಡದ ಈ ಚರ್ಚೆಗಳ ಭಾಗವಾಗಲಿಲ್ಲ. ಎಪ್‌ಸ್ಟೀನ್ ಅವರ ನಿರ್ಣಯ ತಮ್ಮ ಊರಿಗೆ ಒಪ್ಪುವುದೇ ಎಂದು ಮದ್ದೂರು, ಪಾಂಡವಪುರ, ಮಳವಳ್ಳಿಗಳ ಓದುಗರು ವಾದಿಸುವ ಸಂದರ್ಭವೂ ಒದಗಲಿಲ್ಲ.

3

ಗ್ರಂಥಗಳು ಮರಳದಿದ್ದರೂ ಅವುಗಳ ಪದಗಳು ಮರಳಿದವು. ಇದಕ್ಕೆ ಎರಡು ನಿದರ್ಶನಗಳನ್ನು ಪರಿಶೀಲಿಸಬಹುದು.

‘ವೋಟ್ ಬ್ಯಾಂಕ್’ ಎಂಬ ಮಾತನ್ನು ಶ್ರೀನಿವಾಸ್ ಅವರು 1955ರಲ್ಲಿ ಪ್ರಕಟವಾದ, ಮೈಸೂರಿನ ಹಳ್ಳಿಯೊಂದರ ಸಾಮಾಜಿಕ ವ್ಯವಸ್ಥೆಯನ್ನು ಕುರಿತ ಪ್ರಬಂಧದಲ್ಲಿ ಬಳಕೆಗೆ ತಂದರೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಅಲ್ಲಿ ಆ ಮಾತು ಊರಿನ ಆಶ್ರಯದಾತನಾದ ಹಿರಿಯ ಮತ್ತು ಅವನನ್ನು ನಂಬಿದ ಕುಳಗಳ ಸಂಬಂಧವನ್ನು ಸೂಚಿಸುತ್ತದೆ. ಪಟ್ಟಣದ ರಾಜಕಾರಣಿಗೆ ಮತ ಬೇಕು. ಊರಿನ ಹಿರಿಯನಿಗೆ ಪರವಾನಗಿ, ಗುತ್ತಿಗೆ, ಶಿಫಾರಸು ಬೇಕು. ಇವರಿಬ್ಬರ ನಡುವಿನ ಕೊಡುಕೊಳ್ಳುವಿಕೆಯಲ್ಲಿ ಆಶ್ರಿತರ ಮತ ಠೇವಣಿಯಂತೆ ಬಳಕೆಯಾಗುತ್ತದೆ. ಇಂದು ಕನ್ನಡ ಪತ್ರಿಕೆಗಳಲ್ಲಿ ಇದೇ ಮಾತು ಒಂದು ಜಾತಿಯನ್ನೋ ಧರ್ಮದವರನ್ನೋ ಇಡಿಯಾಗಿ ಹೆಸರಿಸುವುದಕ್ಕೆ ಬಳಕೆಯಾಗುತ್ತಿದೆ, ಹಲವೊಮ್ಮೆ ನಿಂದೆಯ ಧ್ವನಿಯಲ್ಲಿ. ಮೂಲದಲ್ಲಿ ಟೀಕೆಗೆ ಗುರಿಯಾದದ್ದು ಮತವನ್ನು ಕೈವಶ ಮಾಡಿಕೊಂಡ ಯಜಮಾನಿಕೆ; ಇಂದಿನ ಬಳಕೆಯಲ್ಲಿ ಗುರಿಯಾಗುವವರು ಮತದಾರರೇ. ಅರ್ಥ ಹೀಗೆ ತಲೆಕೆಳಗಾದದ್ದಕ್ಕೆ ಪತ್ರಕರ್ತರನ್ನಷ್ಟೇ ದೂರುವಂತಿಲ್ಲ. ಮೂಲ ಪ್ರಬಂಧ ಕನ್ನಡದ ಓದಿನಲ್ಲಿ ನೆಲೆಗೊಂಡಿದ್ದರೆ ಈ ಪಲ್ಲಟವನ್ನು ಗುರುತಿಸುವವರು, ಪ್ರಶ್ನಿಸುವವರು ಇರುತ್ತಿದ್ದರು.

ಎರಡನೆಯದು ‘ಸಂಸ್ಕೃತೀಕರಣ’. 1952ರ ಗ್ರಂಥದಲ್ಲಿ ಶ್ರೀನಿವಾಸ್ ಮಂಡಿಸಿದ ಈ ಪರಿಕಲ್ಪನೆ, ಶ್ರೇಣಿಯಲ್ಲಿ ಕೆಳಗಿರುವ ಜಾತಿ ತನಗಿಂತ ಮೇಲಿನವರ ಆಚಾರ ವಿಚಾರಗಳನ್ನು ಅನುಸರಿಸಿ ಸ್ಥಾನೋನ್ನತಿಗೆ ಯತ್ನಿಸುವುದನ್ನು ವಿವರಿಸುತ್ತದೆ. ಇಂಗ್ಲಿಷಿನಲ್ಲಿ ಇದೊಂದು ತಟಸ್ಥ ಪಾರಿಭಾಷಿಕ ಪದ. ಕನ್ನಡದಲ್ಲಿ ಹಾಗಲ್ಲ. ‘ಸಂಸ್ಕೃತ’ ಎಂಬುದು ಭಾಷೆಯ ಹೆಸರೂ ಹೌದು, ಪರಿಷ್ಕಾರಗೊಂಡದ್ದು ಎಂಬ ವಿಶೇಷಣವೂ ಹೌದು. ‘ಸಂಸ್ಕೃತಿ’ ಎಂಬ ಪದವೂ ಅದರ ಪಕ್ಕದಲ್ಲಿಯೇ ಇದೆ. ಆದ್ದರಿಂದ ಕನ್ನಡದಲ್ಲಿ ಈ ಪದವನ್ನು ಬಳಸಿದಾಗ, ಕೆಳಜಾತಿಗಳಿಗೆ ಮೊದಲು ಸಂಸ್ಕೃತಿಯಿರಲಿಲ್ಲ, ಅನುಕರಣೆಯಿಂದ ಅದು ಬಂದಿತು ಎಂಬ ಅನಪೇಕ್ಷಿತ ಧ್ವನಿ ಸೇರಿಕೊಳ್ಳುತ್ತದೆ. ವಚನ ಚಳವಳಿಯ, ಮಂಟೇಸ್ವಾಮಿ ಮಲೆಯ ಮಾದೇಶ್ವರ ಪರಂಪರೆಗಳ ನಾಡಿನಲ್ಲಿ ಮೇಲ್ಚಲನೆಗೆ ಬ್ರಾಹ್ಮಣಾನುಕರಣೆಯ ದಾರಿಯೊಂದೇ ಇತ್ತೇ ಎಂಬ ಪ್ರಶ್ನೆಯೂ ಸಹಜವಾಗಿ ಏಳುತ್ತದೆ. ಶ್ರೀನಿವಾಸ್ ಅವರೇ ಮುಂದೆ ಈ ಪರಿಕಲ್ಪನೆಯನ್ನು ಸಡಿಲಿಸಿ, ಅನುಕರಣೆಗೆ ಬ್ರಾಹ್ಮಣೇತರ ಮಾದರಿಗಳೂ ಇದ್ದುವೆಂದು ಒಪ್ಪಿದರು. ಆದರೆ ಕನ್ನಡದ ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಉಳಿದುಬಂದದ್ದು ಒಂದು ವಾಕ್ಯದ ವ್ಯಾಖ್ಯೆ. ಪರಿಕಲ್ಪನೆ ಬಂದಿತು; ಅದರ ಸುತ್ತ ನಡೆದ ವಾಗ್ವಾದ ಬರಲಿಲ್ಲ.

4

1970ರ ದಶಕದಿಂದ ಹಳ್ಳಿಯ ಜೊತೆಗೆ ಇಡೀ ರಾಜ್ಯವೂ ಅಧ್ಯಯನದ ವಸ್ತುವಾಯಿತು. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದುದು ಇಂಥ ಸಂಶೋಧನೆಗೆ ನೆಲೆಯೊದಗಿಸಿತು. ಜೇಮ್ಸ್ ಮ್ಯಾನರ್ ಅವರ ‘ಪೊಲಿಟಿಕಲ್ ಚೇಂಜ್ ಇನ್ ಆ್ಯನ್ ಇಂಡಿಯನ್ ಸ್ಟೇಟ್: ಮೈಸೂರು 1917–1955’ 1977ರಲ್ಲಿ ಪ್ರಕಟವಾಯಿತು. ಪ್ರಜಾಮಿತ್ರ ಮಂಡಲಿ ಹುಟ್ಟಿದ 1917ರಿಂದ ರಾಜ್ಯ ಪುನರ್ವಿಂಗಡಣೆಯ ಹೊಸ್ತಿಲಿನವರೆಗಿನ ರಾಜಕಾರಣವನ್ನು ಈ ಗ್ರಂಥ ವಿವೇಚಿಸುತ್ತದೆ. ರಾಜಧಾನಿಯ ರಾಜಕಾರಣಕ್ಕೂ ಹಳ್ಳಿಯ ಅಧಿಕಾರ ವ್ಯವಸ್ಥೆಗೂ ದೀರ್ಘಕಾಲ ಇದ್ದ ಅಂತರ, ಕಾಂಗ್ರೆಸ್ ಸಂಘಟನೆಯ ಮೂಲಕ ಅವು ಹತ್ತಿರವಾದ ಬಗೆ ಇಲ್ಲಿ ನಿರೂಪಿತವಾಗಿದೆ. ಅದರ ಮರುವರ್ಷ ಬಂದ ಬ್ಯೋರ್ನ್ ಹೆಟ್ನೆ ಅವರ ಗ್ರಂಥ 1881ರಿಂದ 1947ರವರೆಗಿನ ಮೈಸೂರಿನ ಪರೋಕ್ಷ ಆಳ್ವಿಕೆಯ ಅರ್ಥರಾಜಕಾರಣವನ್ನು ವಿಶ್ಲೇಷಿಸಿತು.

ಡಿ. ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ಇನ್ನೊಂದು ಮುಖ್ಯ ವಸ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ, ಗೇಣಿದಾರರು ಸಲ್ಲಿಸಿದ ನಮೂನೆ 7ರ ಅರ್ಜಿಗಳು, ತಾಲ್ಲೂಕು ಮಟ್ಟದ ಭೂನ್ಯಾಯಮಂಡಳಿಗಳು ಇವೆಲ್ಲ ಕರ್ನಾಟಕದ ಲಕ್ಷಾಂತರ ಕುಟುಂಬಗಳ ಸ್ವಂತ ಚರಿತ್ರೆ. ನರೇಂದ್ರ ಪಾಣಿ ಅವರು 1983ರ ತಮ್ಮ ಗ್ರಂಥಕ್ಕೆ ‘ರಿಫಾರ್ಮ್ಸ್ ಟು ಪ್ರಿ-ಎಂಪ್ಟ್ ಚೇಂಜ್’ ಎಂದು ಹೆಸರಿಟ್ಟರು. ಬದಲಾವಣೆಯನ್ನು ತಡೆಯುವುದಕ್ಕೇ ಸುಧಾರಣೆ ಎಂಬ ವಾದ ಆ ಶೀರ್ಷಿಕೆಯಲ್ಲಿಯೇ ಇದೆ. ಜಿ. ತಿಮ್ಮಯ್ಯ ಮತ್ತು ಅಬ್ದುಲ್ ಅಜೀಜ್ ಅವರ ಗ್ರಂಥ 1984ರಲ್ಲಿ ಬಂದಿತು. ಕನ್ನಡದ ಸಾರ್ವಜನಿಕ ನೆನಪಿನಲ್ಲಿ ಅರಸು ಅವರ ಭೂಸುಧಾರಣೆ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ಕೀರ್ತಿಯೊಡನೆ ನಿಂತಿದೆ. ಆ ಕೀರ್ತಿ ಎಷ್ಟು ಸಲ್ಲುತ್ತದೆ, ಕರಾವಳಿ ಮಲೆನಾಡುಗಳ ಗೇಣಿದಾರರಿಗೆ ದೊರೆತುದು ಬಯಲುಸೀಮೆಯ ಕೂಲಿಗಾರರಿಗೆ ದೊರೆಯಿತೇ ಎಂಬ ವಿಮರ್ಶೆ ಮುಖ್ಯವಾಗಿ ಇಂಗ್ಲಿಷಿನಲ್ಲಿ ನಡೆಯಿತು. ಒಂದು ಭಾಷೆಯಲ್ಲಿ ಅಭಿಮಾನವೂ ಇನ್ನೊಂದರಲ್ಲಿ ಅನುಮಾನವೂ ಬೆಳೆದು, ಎರಡೂ ಒಂದನ್ನೊಂದು ತಿದ್ದದೆ ಉಳಿದವು.

ಎಲ್.ಜಿ. ಹಾವನೂರ ಅವರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ಸಲ್ಲಿಸಿತು. ಕರ್ನಾಟಕದ ಸಮಾಜವನ್ನು ಕುರಿತ ಮಹತ್ವದ ಅಧ್ಯಯನಗಳಲ್ಲಿ ಇಂಥ ಆಯೋಗಗಳ ವರದಿಗಳನ್ನೂ ಸೇರಿಸಿ ಎಣಿಸಬೇಕು. 2002ರಲ್ಲಿ ಸಲ್ಲಿಕೆಯಾದ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ವರ್ಗೀಕರಿಸಿತು. ಈ ಅಂಕಿಗಳು ಭಾಷಣಗಳಲ್ಲಿ ಧಾರಾಳವಾಗಿ ಉದ್ಧೃತವಾದವು. ಅವನ್ನು ಪಡೆದ ಸೂಚ್ಯಂಕಗಳ ವಿವೇಚನೆ ಅಷ್ಟು ವ್ಯಾಪಕವಾಗಿ ನಡೆಯಲಿಲ್ಲ. 2015ರಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರಕ್ಕೆ ಸಲ್ಲಿಕೆಯಾದದ್ದು 2024ರ ಫೆಬ್ರವರಿಯಲ್ಲಿ. ಆ ನಡುವಿನ ವರ್ಷಗಳಲ್ಲಿ ಜಾತಿವಾರು ಜನಸಂಖ್ಯೆಯ ಬಗೆಗೆ ನಾಡಿನಾದ್ಯಂತ ನಡೆದ ಉಗ್ರ ವಾದವಿವಾದ ಸೋರಿಕೆಯಾದವೆನ್ನಲಾದ ಅಂಕಿಗಳನ್ನೇ ಆಧರಿಸಿತ್ತು. 2025ರಲ್ಲಿ ಹೊಸ ಸಮೀಕ್ಷೆಯೇ ನಡೆಯಿತು. ಪ್ರಕಟಣೆ ವಿದ್ವಾಂಸರ ಖಾಸಗಿ ವ್ಯವಹಾರವಲ್ಲ, ಸಾಮಾಜಿಕ ನ್ಯಾಯದ ಪ್ರಶ್ನೆಯೂ ಹೌದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

5

ಕನ್ನಡದಲ್ಲಿ ಸಮಾಜ ಚಿಂತನೆಯೇ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. 1919ರಲ್ಲಿ ಆರಂಭವಾದ ‘ಪ್ರಬುದ್ಧ ಕರ್ಣಾಟಕ’ ಸಾಹಿತ್ಯದ ಜೊತೆಗೆ ಶಾಸ್ತ್ರ ವಿಷಯಗಳಿಗೂ ಎಡೆಗೊಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರುಗಳಲ್ಲಿ ನೀಡಿದ ಪ್ರಚಾರೋಪನ್ಯಾಸಗಳು ಸುಲಭ ಬೆಲೆಯ ಕಿರುಹೊತ್ತಗೆಗಳಾದವು. ಡಿ.ವಿ. ಗುಂಡಪ್ಪನವರು ರಾಜ್ಯಶಾಸ್ತ್ರವನ್ನು ಕನ್ನಡದ ಗಂಭೀರ ಗದ್ಯಕ್ಕೆ ಒಗ್ಗಿಸಿದರು. ‘ಶೂದ್ರ’, ‘ಪಂಚಮ’, ‘ಲಂಕೇಶ್ ಪತ್ರಿಕೆ’, ‘ರುಜುವಾತು’ಗಳು 1970 ಮತ್ತು 80ರ ದಶಕಗಳಲ್ಲಿ ಜಾತಿ, ಭೂಮಿ, ಭಾಷೆ, ಪ್ರಭುತ್ವಗಳನ್ನು ಕುರಿತು ನಡೆಸಿದ ಚರ್ಚೆ ತೀಕ್ಷ್ಣವಾದುದು. ದಲಿತ ಸಂಘರ್ಷ ಸಮಿತಿ, ರೈತ ಸಂಘ, ಗೋಕಾಕ್ ಚಳವಳಿಗಳು ತಮ್ಮನ್ನು ತಾವು ಅರ್ಥಮಾಡಿಕೊಂಡದ್ದು ಕನ್ನಡದಲ್ಲಿಯೇ. ಹೆಗ್ಗೋಡಿನ ಅಕ್ಷರ ಪ್ರಕಾಶನಕ್ಕಾಗಿ ಡಿ.ಆರ್. ನಾಗರಾಜ್ ಸಂಪಾದಿಸಿದ ‘ಅಕ್ಷರ ಚಿಂತನ’ ಮಾಲೆ ಹೊಸ ಸಮಾಜ ಚಿಂತನೆಯನ್ನು ಕನ್ನಡಕ್ಕೆ ತಂದಿತು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ, ಅಭಿವೃದ್ಧಿ ಅಧ್ಯಯನವನ್ನೂ ಒಳಗೊಂಡಂತೆ ಸಮಾಜವಿಜ್ಞಾನಗಳ ಸಂಶೋಧನೆಯನ್ನು ಕನ್ನಡದಲ್ಲಿಯೇ ಪ್ರಕಟಿಸುವ ಕಾರ್ಯ ಕೈಗೊಂಡಿತು. ಪ್ರಾದೇಶಿಕ ಅಸಮಾನತೆಯನ್ನು ಕುರಿತ ಟಿ.ಆರ್. ಚಂದ್ರಶೇಖರ ಅವರ ಬರೆವಣಿಗೆ ಈ ಪ್ರಯತ್ನದ ಫಲಗಳಲ್ಲೊಂದು.

ಹೀಗಿದ್ದರೂ ಎರಡು ಭಾಷೆಗಳ ನಡುವಣ ಕೊಡುಕೊಳ್ಳುವಿಕೆ ಸಮಾನವಾಗಿಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಕನ್ನಡದಲ್ಲಿ ಬಂದು 2007ರಲ್ಲಿ ಇಂಗ್ಲಿಷಿಗೆ ಹೋಯಿತು. ಸಿದ್ಧಲಿಂಗಯ್ಯನವರ ‘ಊರುಕೇರಿ’ಗೂ ಇಂಗ್ಲಿಷ್ ಅನುವಾದವಿದೆ. ಇವು ಇಂಗ್ಲಿಷಿನಲ್ಲಿ ದಲಿತ ಅನುಭವದ ಆಕರಗಳಾಗಿ ಪಠ್ಯಕ್ರಮಗಳಲ್ಲಿ ಸೇರುತ್ತವೆ. ಆದರೆ ಕನ್ನಡದ ವಿಶ್ಲೇಷಣೆ, ವಾದ, ಪರಿಕಲ್ಪನೆಗಳು ಅದೇ ಪ್ರಮಾಣದಲ್ಲಿ ಹೋಗುವುದಿಲ್ಲ. ಕನ್ನಡ ಅನುಭವವನ್ನು ಒದಗಿಸಬೇಕು, ಸಿದ್ಧಾಂತವನ್ನು ಇಂಗ್ಲಿಷ್ ಒದಗಿಸುತ್ತದೆ ಎಂಬ ಅಲಿಖಿತ ಕರಾರು ಇಲ್ಲಿ ಕೆಲಸ ಮಾಡುವಂತೆ ತೋರುತ್ತದೆ. ಇದಕ್ಕೆ ಅಪವಾದಗಳುಂಟು. ಎರಡೂ ಭಾಷೆಗಳಲ್ಲಿ ಬರೆದ ಡಿ.ಆರ್. ನಾಗರಾಜ್ ಅವರ ‘ದಿ ಫ್ಲೇಮಿಂಗ್ ಫೀಟ್’ 1993ರಲ್ಲಿ ಬೆಂಗಳೂರಿನಿಂದ ಪ್ರಕಟವಾಗಿ, 2010ರಲ್ಲಿ ಪರಿವರ್ಧಿತ ರೂಪದಲ್ಲಿ ಮತ್ತೆ ಬಂದಿತು. ಗಾಂಧಿ ಮತ್ತು ಅಂಬೇಡ್ಕರ್ ಮುಖಾಮುಖಿಯಿಂದ ಇಬ್ಬರೂ ಬದಲಾದರೆಂಬ ಅವರ ವಾದ ಅಖಿಲ ಭಾರತ ಮಟ್ಟದ ಚರ್ಚೆಗೆ ಒಳಗಾಯಿತು. ರೈತ ಚಳವಳಿಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು 1997ರಲ್ಲಿ ಪ್ರಕಟಿಸಿದ ಮುಜಾಫರ್ ಅಸ್ಸಾದಿ ಕನ್ನಡದಲ್ಲಿಯೂ ನಿರಂತರವಾಗಿ ಬರೆದರು. ಬೆಂಗಳೂರಿನಲ್ಲಿ ಪತ್ರಕರ್ತರಾಗಿದ್ದ ಇ. ರಾಘವನ್ ಅವರು ಜೇಮ್ಸ್ ಮ್ಯಾನರ್ ಅವರೊಡಗೂಡಿ ಅರಸು ಮತ್ತು ರಾಮಕೃಷ್ಣ ಹೆಗಡೆಯವರ ಆಡಳಿತವನ್ನು ಕುರಿತು 2009ರಲ್ಲಿ ತಂದ ಗ್ರಂಥದಲ್ಲಿ ಪತ್ರಿಕಾವೃತ್ತಿಯ ಒಳನೋಟವೂ ವಿದ್ವತ್ತಿನ ಶಿಸ್ತೂ ಕೂಡಿದವು. ಎರಡು ವಲಯಗಳಲ್ಲಿ ಓಡಾಡಿದವರ ಇಂಥ ಕೃತಿಗಳು ಹೆಚ್ಚು ಬಾಳಿಕೆಯವೆಂಬುದು ಗಮನಾರ್ಹ.

ಕನ್ನಡದ ವಿದ್ವತ್ ಪ್ರಕಟಣೆಯ ಸ್ವಂತ ದೋಷಗಳನ್ನೂ ಇಲ್ಲಿ ಹೇಳಬೇಕು. ಸಮಾಜವಿಜ್ಞಾನದಲ್ಲಿ ಒಂದು ವಾದವನ್ನು ಆದ್ಯಂತವಾಗಿ ಬೆಳೆಸುವ ಗ್ರಂಥಗಳಿಗಿಂತ ಬಿಡಿಲೇಖನಗಳ ಸಂಕಲನಗಳೇ ಹೆಚ್ಚು. ಪದಸೂಚಿಯಿಲ್ಲದ ಪುಸ್ತಕ ಅಪವಾದವಾಗಿರದೆ ನಿಯಮವಾಗಿದೆ. ಅಚ್ಚಿಗೆ ಮುನ್ನ ಹಸ್ತಪ್ರತಿಯನ್ನು ಬೇರೆ ತಜ್ಞರಿಂದ ಪರಿಶೀಲಿಸಿ ತಿದ್ದಿಸುವ ಪದ್ಧತಿ ಎಲ್ಲೆಡೆ ನೆಲೆಗೊಂಡಿಲ್ಲ. ಮುನ್ನುಡಿ ಬೆನ್ನುಡಿಗಳ ಪ್ರಶಂಸೆ ವಿಮರ್ಶೆಯ ಸ್ಥಾನವನ್ನು ಆಕ್ರಮಿಸಿದೆ. ಉತ್ತಮ ಸಂಶೋಧನೆಯ ದೊಡ್ಡ ಪಾಲು ಅಭಿನಂದನ ಗ್ರಂಥಗಳಲ್ಲಿಯೂ ಸಂಸ್ಮರಣ ಸಂಪುಟಗಳಲ್ಲಿಯೂ ಅಡಗಿದೆ. ಸಮಾರಂಭದ ದಿನ ಹಂಚಿಕೆಯಾದ ಮೇಲೆ ಅವು ಮರುಮುದ್ರಣ ಕಾಣುವುದು ವಿರಳ. ಅವುಗಳ ಲೇಖನಗಳಿಗೆ ಸಮಗ್ರ ಸೂಚಿಯಿಲ್ಲದಿರುವುದರಿಂದ ಮುಂದಿನ ಸಂಶೋಧಕ ಅದೇ ಕೆಲಸವನ್ನು ಮೊದಲಿನಿಂದ ಆರಂಭಿಸುತ್ತಾನೆ. ಇಂಗ್ಲಿಷಿನ ಗ್ರಂಥಕ್ಕೆ ಬಲ್ಲ ಓದುಗರ ಪರೀಕ್ಷೆ ತಪ್ಪಿದಂತೆ ಕನ್ನಡದ ಗ್ರಂಥಕ್ಕೆ ಸಮಾನ ವಿದ್ವಾಂಸರ ಪರೀಕ್ಷೆ ತಪ್ಪಿದೆ. ಎರಡೂ ಒಂದೇ ಕೊರತೆಯ ಎರಡು ರೂಪಗಳು.

6

ಈ ಸ್ಥಿತಿ ವ್ಯಕ್ತಿಗಳ ಉದಾಸೀನತೆಯಿಂದಷ್ಟೇ ಉಂಟಾದುದಲ್ಲ. ಅದಕ್ಕೆ ಸಾಂಸ್ಥಿಕ ಕಾರಣಗಳಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿ ಅಧ್ಯಾಪಕರ ಪ್ರಕಟಣೆಗಳಿಗೆ ಅಂಕ ನಿಗದಿ ಮಾಡಿತು. ಅದರಂತೆ ಅಂತಾರಾಷ್ಟ್ರೀಯ ಪ್ರಕಾಶಕರ ಗ್ರಂಥಕ್ಕೆ 50, ರಾಷ್ಟ್ರಮಟ್ಟದ ಪ್ರಕಾಶಕರ ಅಥವಾ ಸರ್ಕಾರಿ ಪ್ರಕಟಣೆಗೆ 25, ಸ್ಥಳೀಯ ಪ್ರಕಾಶಕರ ಗ್ರಂಥಕ್ಕೆ 15 ಅಂಕ. ಧಾರವಾಡದಲ್ಲಿಯೋ ಹೆಗ್ಗೋಡಿನಲ್ಲಿಯೋ ಅಚ್ಚಾದ ಪುಸ್ತಕ ತನ್ನ ಗುಣದಿಂದಲ್ಲ, ವಿಳಾಸದಿಂದಲೇ ಮೂರನೆಯ ದರ್ಜೆಯದೆನಿಸಿತು. 2018ರ ನಿಯಮಾವಳಿಯಲ್ಲಿ ಈ ಅಂತರ ಬಹಳ ಕುಗ್ಗಿತು. ಅಂತಾರಾಷ್ಟ್ರೀಯ ಪ್ರಕಾಶಕರಿಗೆ 12, ರಾಷ್ಟ್ರೀಯ ಪ್ರಕಾಶಕರಿಗೆ 10, ಅನುವಾದಿತ ಗ್ರಂಥಕ್ಕೆ 8 ಅಂಕಗಳಾದವು. ಅನುವಾದಕ್ಕೆ ಮನ್ನಣೆ ದೊರೆತುದು ಸ್ವಾಗತಾರ್ಹ. ಆದರೆ ಹಳೆಯ ಶ್ರೇಣಿ ಕಲಿಸಿದ ಪಾಠ ಅಧ್ಯಾಪಕರ ಮನಸ್ಸಿನಿಂದ ಅಷ್ಟು ಬೇಗ ಅಳಿಯುವಂಥದಲ್ಲ.

ಇನ್ನೊಂದು ಕಾರಣ ಕನ್ನಡ ಪುಸ್ತಕೋದ್ಯಮದ ಆರ್ಥಿಕತೆಗೆ ಸಂಬಂಧಿಸಿದುದು. 1965ರ ಕಾಯ್ದೆಯಿಂದ ಬಲಗೊಂಡ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯ ಸಗಟು ಖರೀದಿ ಕನ್ನಡದ ಅನೇಕ ಪ್ರಕಾಶಕರಿಗೆ ಮುಖ್ಯ ಆಧಾರ. ಆದರೆ ಪುಟಗಳ ಲೆಕ್ಕದಲ್ಲಿ ನಿಗದಿಯಾಗುವ ಬೆಲೆ ಕಾದಂಬರಿಗೂ ವರ್ಷಗಟ್ಟಲೆ ಕ್ಷೇತ್ರಕಾರ್ಯದಿಂದ ಸಿದ್ಧವಾದ ಸಂಶೋಧನೆಗೂ ಒಂದೇ. ಕೋಷ್ಟಕ, ನಕ್ಷೆ, ಪದಸೂಚಿಗಳ ಶ್ರಮಕ್ಕೆ ಅಲ್ಲಿ ಪ್ರತ್ಯೇಕ ಮೌಲ್ಯವಿಲ್ಲ. ಸಂಪಾದಕನಿಗೆ ಸಂಭಾವನೆ ಕೊಡಲಾಗದ ಪ್ರಕಾಶಕ ಸಂಪಾದನೆಯನ್ನೇ ಕೈಬಿಡುತ್ತಾನೆ.

ಇಂಥ ವಿಷಯಗಳಿಗೆ ಕನ್ನಡದಲ್ಲಿ ಓದುಗರಿಲ್ಲವೆಂಬ ವಾದ ಮಾತ್ರ ನಿಲ್ಲುವುದಿಲ್ಲ. ಅಂಬೇಡ್ಕರ್ ಅವರ ಬರೆಹ ಮತ್ತು ಭಾಷಣಗಳ ಕನ್ನಡ ಸಂಪುಟಗಳು ನಗರಗಳಾಚೆಯ ಓದುಗರನ್ನೂ ತಲುಪಿವೆ. 2022ರಲ್ಲಿ ದೇವನೂರ ಮಹಾದೇವ ಅವರ ರಾಜಕೀಯ ಕಿರುಹೊತ್ತಗೆಯೊಂದನ್ನು ಹಲವು ಸಣ್ಣ ಪ್ರಕಾಶನಗಳು ಏಕಕಾಲಕ್ಕೆ ಅಚ್ಚುಹಾಕಿ ಕಡಿಮೆ ಬೆಲೆಗೆ ಹಂಚಿದಾಗ ಅದು ಬಹುಬೇಗ ಮರುಮುದ್ರಣಗಳನ್ನು ಕಂಡಿತು. ಅದರ ನಿಲುವನ್ನು ಒಪ್ಪಿದವರೂ ಒಪ್ಪದವರೂ ಕನ್ನಡದಲ್ಲಿಯೇ ವಾದಿಸಿದರು. ಕಿರುಹೊತ್ತಗೆ ವಿದ್ವತ್ ಗ್ರಂಥವಲ್ಲ, ಅದರ ಉದ್ದೇಶವೇ ಬೇರೆ. ಆದರೂ ಸಮಕಾಲೀನ ರಾಜಕಾರಣವನ್ನು ಕುರಿತ ಓದಿನ ಹಸಿವು ಕನ್ನಡದಲ್ಲಿ ಇದೆಯೆಂಬುದನ್ನು ಅದು ಸಿದ್ಧಪಡಿಸಿತು.

7

ಪರಿಹಾರವೆಂದರೆ ಇಂಗ್ಲಿಷ್ ಗ್ರಂಥಗಳನ್ನೆಲ್ಲ ಅನುವಾದಿಸುವುದು ಎಂದು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ 2008ರಿಂದ ನಡೆದಿರುವ ರಾಷ್ಟ್ರೀಯ ಅನುವಾದ ಮಿಷನ್ನಿನ ಕಾರ್ಯವೂ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಕಾರ್ಯವೂ ಈ ದಿಕ್ಕಿನಲ್ಲಿ ಉಪಯುಕ್ತವಾಗಿವೆ. ಆದರೆ ಅರ್ಧ ಶತಮಾನದ ಹಿಂದಿನ ಗ್ರಂಥವನ್ನು ಬರಿದೆ ಅನುವಾದಿಸಿದರೆ ಸಾಲದು. ರಾಮಪುರ, ವಂಗಲಗಳ ಗ್ರಂಥಗಳು ಕನ್ನಡಕ್ಕೆ ಬರುವಾಗ ಅವುಗಳೊಡನೆ ಆ ಊರುಗಳ ಇಂದಿನ ವಿದ್ಯಾವಂತರ ಪ್ರತಿಕ್ರಿಯೆ, ನಡುವಣ ದಶಕಗಳಲ್ಲಿ ನಡೆದ ವಾಗ್ವಾದದ ಪರಿಚಯ, ಪಾರಿಭಾಷಿಕ ಪದಗಳ ವಿವೇಚನೆ ಬರಬೇಕು. ಆಗ ಅನುವಾದವೇ ಒಂದು ಹೊಸ ಸಂಶೋಧನೆಯಾಗುತ್ತದೆ.

ಹಳೆಯ ಮೈಸೂರಿನ ಪ್ರಾಬಲ್ಯವನ್ನೂ ಇಲ್ಲಿ ಗಮನಿಸಬೇಕು. ಮೇಲೆ ಹೆಸರಿಸಿದ ಗ್ರಂಥಗಳಲ್ಲಿ ಬಹುಪಾಲು ಆ ಭಾಗಕ್ಕೆ, ಇಲ್ಲವೇ ಬೆಂಗಳೂರಿಗೆ ಸೇರಿದವು. ಕಲ್ಯಾಣ ಕರ್ನಾಟಕದ ಸಮಾಜ, ಹೈದರಾಬಾದ್ ಸಂಸ್ಥಾನದ ಪರಂಪರೆ, ಉರ್ದು ಮತ್ತು ಕನ್ನಡಗಳ ಸಹವಾಸ, ತುಳು ಕೊಡವ ಭಾಷಿಕರ ರಾಜಕೀಯ ಅನುಭವ ಇವು ಇನ್ನೂ ಸಾಕಷ್ಟು ಗ್ರಂಥಸ್ಥವಾಗಿಲ್ಲ. ಸಂವಿಧಾನದ 371ಜೆ ವಿಧಿ ಜಾರಿಗೆ ಬಂದ 2013ರ ಅನಂತರ ಆ ಭಾಗದಲ್ಲಿ ಆಗಿರುವ ಬದಲಾವಣೆಯ ಸಮಗ್ರ ಅಧ್ಯಯನ ಕನ್ನಡದಲ್ಲಿಯೇ ಮೊದಲು ಪ್ರಕಟವಾದರೆ ಅದು ಹಿಂದಿನ ಪರಂಪರೆಯನ್ನು ತಿದ್ದುವ ಹೆಜ್ಜೆಯಾದೀತು.

ಇದಕ್ಕಾಗಿ ಆಗಬೇಕಾದ ಕೆಲಸಗಳು ದೊಡ್ಡವಲ್ಲ. ಸಾರ್ವಜನಿಕ ಅನುದಾನದಿಂದ ನಡೆದ ಪ್ರತಿಯೊಂದು ಸಂಶೋಧನೆಯ ವಿಸ್ತೃತ ಸಾರ ಕನ್ನಡದಲ್ಲಿ ಪ್ರಕಟವಾಗಬೇಕು. ಆಯೋಗಗಳ ವರದಿಗಳು ಅಂಕಿಅಂಶಗಳ ವಿಧಾನಸಹಿತ ಕನ್ನಡದಲ್ಲಿ ದೊರೆಯಬೇಕು. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಹಸ್ತಪ್ರತಿಯ ಪರಿಶೀಲನೆಯನ್ನೂ ಪದಸೂಚಿಯನ್ನೂ ಕಡ್ಡಾಯ ಮಾಡಬೇಕು. ಅಭಿನಂದನ ಗ್ರಂಥಗಳ, ಸಂಸ್ಮರಣ ಸಂಪುಟಗಳ ಲೇಖನಸೂಚಿಯನ್ನು ಅಕಾಡೆಮಿಗಳು ಸಿದ್ಧಪಡಿಸಬೇಕು. ಇವು ಆಗದೆ ಹೋದರೆ ನಷ್ಟವಾಗುವುದು ಕನ್ನಡಕ್ಕೆ ಮಾತ್ರವಲ್ಲ. ಗೇಣಿ ಭೂಮಿಯನ್ನು ಪಡೆದವರ ಮತ್ತು ಪಡೆಯದವರ, ಜಾತಿಪಟ್ಟಿಯಲ್ಲಿ ಸೇರಿದವರ ಮತ್ತು ಸೇರದವರ ಬಾಳಿನ ಬಗೆಗೆ ವಿದ್ವತ್ತು ಕೈಗೊಂಡ ನಿರ್ಣಯಗಳು, ಅವರಿಂದ ಒಮ್ಮೆಯೂ ಪ್ರಶ್ನೆಗೊಳಗಾಗದೆ ಪುಸ್ತಕದಿಂದ ಪುಸ್ತಕಕ್ಕೆ ಉದ್ಧೃತವಾಗುತ್ತ ಸತ್ಯವೆನಿಸಿಕೊಳ್ಳುತ್ತವೆ. ಸಮಾಜವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ.